ಹಗ್ಗ ಕೊಡದ ಮನೆಯ ಕಾರು

ಬೈರೇಶ್ ಭಾವ ಕಾರು ನೋಡಲು ಹೊರಟರೆ ಹೆಗಲ ಚೀಲದಲ್ಲಿ ಒಂದು ಇಟ್ಟಿಗೆ ಇರುತ್ತಿತ್ತು. ಭಾವ ಅಂದರೆ ನನ್ನ ಅಕ್ಕ ಅರ್ಪಿತಳ ಗಂಡ. ಅವರ ಮನೆ ಆವತಿಯಲ್ಲಿ. ಮನೆಗೆ ತಿರುಗುವ ಕಡೆ ಹಾಲಿನ ಡೇರಿಯಿದೆ, ಡೇರಿಯ ಮುಂದೆ ಊರವರೇ ಸೇರಿ ಹಾಕಿಕೊಂಡ ಒಂದು ಹಂಪ್ ಇದೆ. ಯಾವ ಇಲಾಖೆಯ ಅಳತೆಗೂ ಸಿಗದ ಹಂಪ್. ಭಾವ ಅದರ ಎತ್ತರ ಅಳೆದು, ಅಷ್ಟೇ ಎತ್ತರಕ್ಕೆ ಇಟ್ಟಿಗೆಯನ್ನು ತೇಯ್ದು ಇಟ್ಟುಕೊಂಡಿದ್ದರು. ಬೆಂಗಳೂರಿನಲ್ಲಿ ಮಾರುವವರು ಎಂಜಿನ್ನಿನ ಶಕ್ತಿಯನ್ನು ಹೊಗಳುತ್ತ ನಿಂತಿರುವಾಗ ಇವರು ಮಂಡಿಯೂರಿ ಕಾರಿನ ಹೊಟ್ಟೆಯ ಕೆಳಗೆ ಇಟ್ಟಿಗೆ ತಳ್ಳುತ್ತಿದ್ದರು. ತಾಕಿದರೆ ಎದ್ದು ಪ್ಯಾಂಟು ಕೊಡವಿಕೊಂಡು ಬಂದುಬಿಡುತ್ತಿದ್ದರು. ಹೆಚ್ಚಿನವು ತಾಕುತ್ತಿದ್ದವು.

ಅವರು ಹುಡುಕುತ್ತಿದ್ದದ್ದು ಸ್ಪೋರ್ಟ್ಸ್ ಕಾರು. ಹೊಸದಲ್ಲ, ಯಾರಾದರೂ ಓಡಿಸಿ ಬಿಟ್ಟದ್ದು. ವಾರದ ದಿನಗಳಲ್ಲಿ ಅದು ಅವರನ್ನು ಹೊಸಕೋಟೆಯ ಕಾರ್ಖಾನೆಗೆ ಕರೆದೊಯ್ಯಬೇಕು, ದಾರಿಯಲ್ಲಿ ಅಕ್ಕನನ್ನು ದೇವನಹಳ್ಳಿಯ ಲ್ಯಾಬಿನ ಮುಂದೆ ಇಳಿಸಬೇಕು. ವರ್ಷಕ್ಕೆ ಎರಡೋ ಮೂರೋ ಸಲ ಚೆನ್ನೈ ಹತ್ತಿರದ ಟ್ರ್ಯಾಕಿಗೂ ಹೋಗಬೇಕು. ಅಲ್ಲಿ ಕೆಲವು ಭಾನುವಾರ ಶುಲ್ಕ ಕಟ್ಟಿದ ಯಾರು ಬೇಕಾದರೂ ಸ್ವಂತ ಕಾರನ್ನು ಓಡಿಸಬಹುದು. ಪೈಪೋಟಿಯಿಲ್ಲ, ಬಹುಮಾನವಿಲ್ಲ. ಟ್ರ್ಯಾಕ್ ಡೇ ಎನ್ನುತ್ತಾರೆ.

ಭಾವನಿಗೆ ನಲವತ್ತು ಹತ್ತಿರ. ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಶಿಫ್ಟ್ ಇನ್‌ಚಾರ್ಜ್. ಇಡೀ ದಿನ ತಗಡನ್ನು ಬಡಿಯುವ ಯಂತ್ರಗಳ ನಡುವೆ ಇದ್ದು ಬರುವುದರಿಂದಲೋ ಏನೋ, ಮನೆಯಲ್ಲಿ ಅವರ ದನಿ ಬಹಳ ಮೆಲ್ಲಗೆ. ಹುಡುಗರಾಗಿದ್ದಾಗ ದೊಡ್ಡಬಳ್ಳಾಪುರದ ಕಡೆ ಒಣಗಿದ ಕೆರೆಯಂಗಳದಲ್ಲಿ ಗೆಳೆಯರ ಕಾರು ಓಡಿಸಿದ್ದರಂತೆ. ಆಮೇಲೆ ಅಪ್ಪ ಹೋದರು, ತಂಗಿಯರ ಮದುವೆಗಳಾದವು, ಮನೆಗೆ ತಾರಸಿ ಬಂತು. ಅಷ್ಟರಲ್ಲಿ ಹದಿನೈದು ವರ್ಷ ಬೈಕಿನ ಮೇಲೆಯೇ ಕಳೆದಿತ್ತು. ಎರಡು ವರ್ಷದ ಹಿಂದೆ ಜೊತೆಯಲ್ಲಿ ಕೆಲಸ ಮಾಡುವ ಕೆಂಪರಾಜು ತನ್ನ ಕಾರಿನಲ್ಲಿ ಅವರನ್ನು ಆ ಟ್ರ್ಯಾಕಿಗೆ ಕರೆದುಕೊಂಡು ಹೋಗಿ ಒಂದಿಷ್ಟು ಸುತ್ತು ಓಡಿಸಲು ಕೊಟ್ಟ. ಹೇಗಿತ್ತು ಎಂದು ಅಕ್ಕ ಕೇಳಿದ್ದಕ್ಕೆ ಚೆನ್ನಾಗಿತ್ತು ಅಂದರು, ಅಷ್ಟೇ. ಸಂಜೆ ಅವಳು ದೀಪ ಹಚ್ಚಲು ಹೊರಗೆ ಬಂದಾಗ ಅವರು ಜಗಲಿಯ ಮೇಲೆ ಕೂತಿದ್ದರಂತೆ. ಎರಡೂ ಕೈ ತೊಡೆಯ ಮೇಲಿದ್ದವು, ಬೆರಳುಗಳು ಮಾತ್ರ ಇನ್ನೂ ಸ್ಟಿಯರಿಂಗ್ ಹಿಡಿದ ಹಾಗೆಯೇ ಮಡಚಿಕೊಂಡಿದ್ದವು. ಅವಳು ಸದ್ದು ಮಾಡದೆ ಒಳಗೆ ಹೋದಳು.

ಮನೆಗೆ ಎರಡು ಕಾರು ಆಗದ ಮಾತು. ಬರುವ ಒಂದೇ ಕಾರು ಎಲ್ಲವನ್ನೂ ಮಾಡಬೇಕು ಎಂದು ಅಕ್ಕ ಹೇಳಿದಳು. ಹತ್ತು ವರ್ಷದ ಮಗಳು ಹಿಂದೆ ಕೂರುವಂತಿರಬೇಕು. ಮೊಣಕಾಲು ನೋವಿನ ಅತ್ತೆ ಅಂಜಿನಮ್ಮ ಹತ್ತಿ ಇಳಿಯುವಂತಿರಬೇಕು. ನಮ್ಮ ಸೋದರಮಾವ ಗಂಗಣ್ಣ ಬೇರೆ ತಮ್ಮ ಏಳು ಸೀಟಿನ ಗಾಡಿಯನ್ನು ಮಾರಲು ಇಟ್ಟಿದ್ದರು. ಒಳ್ಳೆಯ ಗಾಡಿ, ಮನೆಯವರಿಗೆಂದು ಕಡಿಮೆ ಬೆಲೆಗೆ ಕೊಡುವವರು. ಶಿವರಾತ್ರಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದಿದ್ದರು. ಬಂದಾಗಲೆಲ್ಲ ಭಾವನನ್ನು ಕೆಣಕುವುದು ಬೇರೆ.

"ಏನಪ್ಪಾ, ಎರಡು ಬಾಗಿಲಿನ ಕಾರಂತೆ. ನಿಮ್ಮಮ್ಮನ್ನ ಕಿಟಕೀಲಿ ತೂರಿಸ್ತೀಯಾ?"

ಭಾವ ನಗುತ್ತಿದ್ದರು. ಆದರೆ ಏಳು ಸೀಟಿನ ಗಾಡಿ ಒಮ್ಮೆ ಅಂಗಳಕ್ಕೆ ಬಂದರೆ ಇನ್ನು ಹತ್ತು ವರ್ಷ ಬೇರೆ ಕಾರಿನ ಮಾತಿಲ್ಲ ಎಂದು ಅವರಿಗೆ ಗೊತ್ತಿತ್ತು. ಹತ್ತು ವರ್ಷಕ್ಕೆ ಅವರಿಗೆ ಐವತ್ತು. ಆಗ ಕಣ್ಣು ಹೇಗಿರುತ್ತದೋ, ಆಸೆಯೇ ಇರುತ್ತದೋ ಇಲ್ಲವೋ.

ಯಲಹಂಕದಲ್ಲಿ ಚಾವಣಿ ತೆರೆಯುವ ಒಂದು ಕೆಂಪು ಕಾರು ಸಿಕ್ಕಿತ್ತು. ಅದರ ಕೆಳಗೆ ಇಟ್ಟಿಗೆ ಕಷ್ಟಪಟ್ಟು ನುಸುಳಿತು. ಭಾವ ಅದರಲ್ಲಿ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲವಂತೆ. ಇದ್ದದ್ದು ಎರಡೇ ಸೀಟು. "ಮಗಳನ್ನ ಡಿಕ್ಕೀಲಿ ಮಡಗ್ತೀರಾ?" ಎಂದು ಅಕ್ಕ ಕೇಳಿದ ಮೇಲೆ ಆ ಮಾತು ನಿಂತಿತು. ಇನ್ನೊಂದರ ಕಾರ್ಪೆಟ್ ಎತ್ತಿದರೆ ಕೆರೆಯ ಗೋಡುಮಣ್ಣಿನ ವಾಸನೆ ಬಂತು, ಯಾವುದೋ ಮಳೆಯಲ್ಲಿ ಮುಳುಗಿ ಎದ್ದ ಕಾರು. ಮತ್ತೊಂದರಲ್ಲಿ ಎಲ್ಲವೂ ಸರಿಯಿತ್ತು, ಅದು ಕುಡಿಯುವ ಪೆಟ್ರೋಲು ಮಾತ್ರ ದಿನಾ ಕಾರ್ಖಾನೆಗೆ ಹೋಗಿ ಬರುವವನ ಸಂಬಳಕ್ಕೆ ನಿಲುಕುವಂಥದ್ದಲ್ಲ.

ಶಿವರಾತ್ರಿಗೆ ಕೆಲವೇ ವಾರ ಉಳಿದಿರುವಾಗ ಉಮಾಶಂಕರ್ ಎಂಬುವವರ ಕಾರಿನ ಸುದ್ದಿ ಬಂತು. ಹೊಸಕೋಟೆ ದಾಟಿ ಹಳೇ ಮದ್ರಾಸು ರಸ್ತೆಯಿಂದ ಒಳಗೆ ತಿರುಗಿದರೆ ಅವರ ಊರು. ಹೂಕೋಸು, ಕ್ಯಾರೆಟ್ಟು ಬೆಳೆದು ಮಾರುಕಟ್ಟೆಗೆ ಹಾಕುವ ಮನೆತನ. ಬೂದಿ ಬಣ್ಣದ ಸಣ್ಣ ಕಾರು, ಎರಡು ಬಾಗಿಲು, ಹಿಂದೆ ಎರಡು ಸೀಟು. ಮಾರುವ ಕಾರಣ ಅಂಗಳದಲ್ಲೇ ಅಂಬೆಗಾಲಿಡುತ್ತಿತ್ತು: ಅವಳಿ ಮಕ್ಕಳು. ಎರಡು ಕೂಸುಗಳನ್ನು ಆ ಬಾಗಿಲಿನಿಂದ ಹಿಂದಿನ ಸೀಟಿಗೆ ಸೇರಿಸುವಷ್ಟರಲ್ಲಿ ಒಂದಲ್ಲ ಒಂದು ಅಳುತ್ತದೆ ಎಂದು ಉಮಾಶಂಕರ್ ಹೇಳಿದರು.

ಬರುವ ಮುಂಚೆ ಎಂಜಿನ್ ಶುರು ಮಾಡಬೇಡಿ ಎಂದು ಭಾವ ಕೇಳಿಕೊಂಡಿದ್ದರು. ಬಿಸಿಯಾದ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ಬಾನೆಟ್ ಮೇಲೆ ಕೈಯಿಟ್ಟರೆ ತಣ್ಣಗಿತ್ತು. ಮಾತು ಉಳಿಸಿಕೊಂಡಿದ್ದರು. ಇಟ್ಟಿಗೆ ತಾಕಲಿಲ್ಲ. ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಕೆಂಪರಾಜುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸ ವರ್ತುಲ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ತಿರುವಿನಲ್ಲಿ ಕಾರು ನೆಲವನ್ನು ಬಿಡಲಿಲ್ಲ. ಬರುವಾಗ ಭಾವ ಬೇಕೆಂದೇ ಉದ್ದದ ದಾರಿ ಹಿಡಿದರೆಂದು, ಕಾರು ಹಿಡಿಸಿದೆಯೆಂದು ಅದರಲ್ಲೇ ತನಗೆ ಗೊತ್ತಾಯಿತೆಂದು ಕೆಂಪರಾಜು ಆಮೇಲೆ ಹೇಳಿದ.

ಬೆಲೆಯೂ ಕುದುರಿತು. ಕಡೆಗೆ ಭಾವ ಎರಡನೆಯ ಕೀ ಕೇಳಿದರು. ಉಮಾಶಂಕರ್ ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದು ನೆಲ ನೋಡುತ್ತ, ಅದು ಸಿಗುತ್ತಿಲ್ಲ, ಒಂದೇ ಕೀ ಇರುವುದು ಎಂದರು. ಹುಡುಕಿ ಕೊಡುತ್ತೀರಾ ಎಂದರೆ ನೋಡೋಣ ಎಂದು ಮಾತು ತೇಲಿಸಿದರು.

ಕೆಂಪರಾಜು ಭಾವನನ್ನು ಬೇಲಿಯ ಕಡೆ ಕರೆದ. "ಬೇಡ ಗುರು. ಗಾಡಿ ಅಡ ಇಟ್ಟವ್ರೆ. ಇನ್ನೊಂದ್ ಕೀ ಫೈನಾನ್ಸಿನವರ ಜೇಬಲ್ಲಿರುತ್ತೆ. ಒಂದಿನ ನಮ್ಮ ಫ್ಯಾಕ್ಟ್ರಿ ಗೇಟಿಂದ ಎತ್ಕೊಂಡ್ ಹೋಗ್ತಾರೆ, ನೀನು ಬಾಯಿ ಬಾಯಿ ಬಿಡ್ತೀಯ."

ಭಾವನಿಗೂ ಹಾಗೇ ಅನಿಸಿತು. ಕಣ್ಣು ತಪ್ಪಿಸಿ ಮಾತಾಡಿದ ಮನುಷ್ಯನ ಕಾರನ್ನು ಹೇಗೆ ನಂಬುವುದು? ಯೋಚಿಸಿ ಹೇಳುತ್ತೇನೆ ಎಂದು ಬಂದುಬಿಟ್ಟರು. ಆ ವಾರ ಅವರು ಬೇರೆ ಕಾರು ಯಾವುದನ್ನೂ ನೋಡಲಿಲ್ಲ. ಗಂಗಣ್ಣ ಮಾವ ಫೋನ್ ಮಾಡಿದಾಗ ಅಕ್ಕ, ಶಿವರಾತ್ರಿಗೆ ಹೇಳ್ತೀವಿ ಎಂದಷ್ಟೇ ಹೇಳಿದಳು.

ಆ ಭಾನುವಾರ ಅಂಜಿನಮ್ಮ ಮನೆಯಲ್ಲಿ ಉಳಿದಿದ್ದ ಒಂದೇ ಹಸುವನ್ನು ಕೊಟ್ಟರು. ಮೊಣಕಾಲು ಮಡಚಿ ಕೂತು ಕರೆಯುವುದು ಅವರಿಂದ ಇನ್ನು ಆಗುತ್ತಿರಲಿಲ್ಲ. ಕೊಂಡವರು ಪಕ್ಕದ ಊರಿನ ಪಾಪಯ್ಯ. ನಾನೂ ಆ ಹೊತ್ತು ಅಲ್ಲೇ ಇದ್ದೆ. ಪಾಪಯ್ಯ ತಂದಿದ್ದ ಹೊಸ ಹಗ್ಗವನ್ನು ಹಸುವಿನ ಕೊರಳಿಗೆ ಕಟ್ಟಿದರು. ಭಾವ ಹಳೆಯದನ್ನು ಬಿಚ್ಚಿದರು. ನಮ್ಮ ಕಡೆ ದನ ಕೊಟ್ಟರೂ ಹಗ್ಗ ಕೊಡುವುದಿಲ್ಲ. ಕೊಂಡವರು ತಮ್ಮ ಹಗ್ಗ ತರಬೇಕು. ಹಳೆಯದು ಹೋದರೆ ಅದರ ಜೊತೆಗೇ ಕೊಟ್ಟಿಗೆಯ ಏಳಿಗೆಯೂ ಹೊಸಿಲು ದಾಟುತ್ತದೆ ಎಂಬ ನಂಬಿಕೆ. ಹಸು ಹೊರಟಿತು. ಅಂಜಿನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಭಾವ ಮಾತ್ರ ಹಗ್ಗವನ್ನು ಗೂಟಕ್ಕೆ ನೇತುಹಾಕದೆ, ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತರು. ನಂತರ ಜೇಬಿನಿಂದ ಫೋನ್ ತೆಗೆದರು.

"ಉಮಾಶಂಕರ್ ಅವರೇ, ಬೈರೇಶ್. ಆ ಇನ್ನೊಂದು ಕೀ ನಿಮ್ಮನೇಲಿ ಯಾರು ಮಡಗಿದಾರೆ?"

ಆ ಕಡೆಯಿಂದ ಬಂದದ್ದು ನಾಚಿಕೆಯ ನಗು. "ನಮ್ಮಜ್ಜಿ, ಅಣ್ಣ."

ಎರಡು ದಿನ ಕಳೆದು ಭಾವ, ಅಕ್ಕ, ನಾನು ಬಸ್ಸಿನಲ್ಲಿ ಅಲ್ಲಿಗೆ ಹೋದೆವು. ಅಜ್ಜಿಯ ಹೆಸರು ದ್ಯಾವಮ್ಮ. ಅವಳಿಗಳಲ್ಲಿ ಒಂದನ್ನು ಕಾಲ ಮೇಲೆ ಮಲಗಿಸಿಕೊಂಡು ನಡುಮನೆಯಲ್ಲಿ ಕೂತಿದ್ದರು. ಕೀ ದೇವರ ಗೂಡಿನಲ್ಲಿತ್ತು, ಅದಕ್ಕೆ ಅರಿಶಿನದ ದಾರ ಸುತ್ತಿತ್ತು.

"ಅವತ್ತೇ ಹೇಳ್ಬಹುದಿತ್ತಲ್ಲ ನೀವು" ಎಂದರು ಭಾವ, ಉಮಾಶಂಕರ್ ಕಡೆಗೆ.

"ಹೆಂಗ್ ಹೇಳ್ಲಿ ಅಣ್ಣ. ಸ್ಪೋರ್ಟ್ಸ್ ಕಾರಿನ ಕೀನ ನಮ್ಮಜ್ಜಿ ದೇವರ ಮುಂದೆ ಮಡಗವ್ಳೆ ಅಂದ್ರೆ ನಗ್ತಿದ್ರಿ."

"ನಗ್ತಿರ್ಲಿಲ್ಲ. ಅಡ ಇಟ್ಟಿದೀರ ಅನ್ಕೊಂಡೆ."

"ಅದಕ್ಕಿಂತ ನಕ್ಕಿದ್ರೇ ವಾಸಿಯಾಗಿತ್ತು" ಎಂದರು ಉಮಾಶಂಕರ್. ಇಬ್ಬರೂ ನಕ್ಕರು.

ದ್ಯಾವಮ್ಮ ನಗಲಿಲ್ಲ. ಆ ಕಾರು ಬಂದ ವರ್ಷವೇ ಮೊಮ್ಮಗನಿಗೆ ಮದುವೆ ಕೂಡಿಬಂತು, ಅದೇ ಕಾರಿನಲ್ಲಿ ಹೆರಿಗೆಗೆ ಹೋದ ಸೊಸೆ ಎರಡು ಕೂಸು ಎತ್ತಿಕೊಂಡು ಬಂದಳು ಎಂದು ವಿವರಿಸಿದರು. ಕೊನೆಗೆ ಮೆಲ್ಲಗೆ ಹೇಳಿದರು: "ಗಾಡಿ ತಗೊಂಡೋಗಪ್ಪ, ಯಾರ್ ಬ್ಯಾಡ ಅಂದೋರು. ಇದೊಂದು ನಮ್ಮನೇಲಿರ್ಲಿ."

ಭಾವ ಅವರ ಎದುರು ನೆಲದ ಮೇಲೆ ಕೂತರು. ತಾನೂ ಎರಡು ದಿನದ ಹಿಂದೆ ಹಗ್ಗ ಬಿಚ್ಚಿಕೊಂಡು ಬಂದವನೆಂದು ಹೇಳಿದರು. ಆದರೆ ತನ್ನ ಗಾಡಿಯ ಕೀ ಇನ್ನೊಬ್ಬರ ಮನೆಯಲ್ಲಿದ್ದರೆ ತನಗೆ ನಿದ್ದೆ ಬಾರದು. ಕಂಪನಿಗೆ ಬರೆದು ಹೊಸ ಕೀ ತರಿಸಬಹುದು. ಅದನ್ನು ಕಾರಿಗೆ ಹೊಂದಿಸುವಾಗ ಹಳೆಯದನ್ನು ಕಾರು ಮರೆಯುವ ಹಾಗೆ ಮಾಡುತ್ತಾರೆ. ಆಮೇಲೆ ಈ ಕೀ ಹಾಕಿ ತಿರುಗಿಸಿದರೂ ಎಂಜಿನ್ ಏಳುವುದಿಲ್ಲ.

"ಅಂಗಾದ್ರೆ ಇದು ಸತ್ತೋಗ್ತದಾ?" ಅಜ್ಜಿಗೆ ಆತಂಕವಾಯಿತು.

"ಹಗ್ಗಕ್ಕೆ ಜೀವ ಎಲ್ಲಿರುತ್ತಜ್ಜಿ. ನೀವು ಮಡಿಕ್ಕಂಡ್ರೆ ಅದು ನಿಮ್ಮದು, ಅಷ್ಟೇ."

ದ್ಯಾವಮ್ಮ ಕಾಲ ಮೇಲಿನ ಕೂಸನ್ನು ತಟ್ಟುತ್ತ ಗೂಡಿನ ಕಡೆ ನೋಡಿದರು. ಆಗಲಿ, ನಿನ್ನ ಹಗ್ಗ ನೀನೇ ತಂದ್ಕೊ ಎಂದರು.

ಹೊಸ ಕೀ ಬರಲು ಒಂದು ತಿಂಗಳೋ ಎರಡೋ ಆಗಬಹುದಿತ್ತು. ಶಿವರಾತ್ರಿಯೋ ಬರುವ ವಾರ. ಮಾವನ ಗಾಡಿ ಬೇಡವೆಂದ ಮೇಲೆ ಇದೂ ಕೈತಪ್ಪಿದರೆ ಎರಡೂ ಇಲ್ಲ. ಬರೆದುಕೊಟ್ಟ ಕಾಗದ ಒಂದೂ ಇರಲಿಲ್ಲ. ಮುಂಗಡ ಕೊಡಲು ಹೋದರೆ ಉಮಾಶಂಕರ್, ಅಜ್ಜಿ ಎದುರಿಗೆ ಮಾತಾಗಿದೆಯಲ್ಲ ಎಂದು ಕೈ ಹಿಂದೆ ಕಟ್ಟಿಕೊಂಡಿದ್ದರು. ಕೀ ಬರುವ ತನಕ ಮಾವನಿಗೆ ಏನೂ ಹೇಳಬೇಡ ಎಂದು ಕೆಂಪರಾಜು ಫೋನಿನಲ್ಲಿ ಎಚ್ಚರಿಸಿದ.

ಬಸ್ಸು ಸೂಲಿಬೆಲೆ ದಾಟುವಾಗ ಭಾವ ಕಿಟಕಿಗೆ ತಲೆಯಾನಿಸಿ ಕೂತಿದ್ದರು. ಅಕ್ಕ ಬ್ಯಾಗಿನಿಂದ ಫೋನ್ ತೆಗೆದು ಗಂಗಣ್ಣ ಮಾವನಿಗೆ ಕರೆ ಮಾಡಿದಳು.

"ಮಾವ, ನಿಮ್ಮ ಗಾಡಿ ಬೇರೆಯೋರಿಗೆ ಕೊಟ್ಬಿಡಿ." ಮಾವ ಆ ಕಡೆಯಿಂದ ಉದ್ದಕ್ಕೆ ಏನೋ ಹೇಳಿದರು. "ಇಲ್ಲ, ಇನ್ನೂ ಬಂದಿಲ್ಲ. ಹೂಂ. ಹೂಂ, ಎರಡೇ ಬಾಗಿಲು."

ಫೋನ್ ಇಟ್ಟ ಮೇಲೆ ಭಾವ ಅವಳ ಕಡೆ ತಿರುಗಿದರು. "ಅವರು ಕೊಡ್ದೇ ಹೋದ್ರೆ?"

"ಬೈಕಿದೆಯಲ್ಲ" ಎಂದಳು ಅಕ್ಕ.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ನಾನು ಕೇಳಿದ್ದೆ. ಅವಳು ಬೇಳೆ ಆರಿಸುತ್ತಿದ್ದಳು. ತಂಗಿಯರ ಮದುವೆಗೆ, ತಾರಸಿಗೆ, ನನಗೆ, ಮಗಳಿಗೆ ಅಂತ ಈ ಮನುಷ್ಯ ಅಂಗಡಿ ಮುಂದೆ ನಿಂತು ಜಗಳ ಆಡಿದ್ದನ್ನು ನೋಡಿದ್ದೇನೆ, ತನಗೆ ಬೇಕಾದ್ದನ್ನು ಕೇಳುವಾಗ ಮಾತ್ರ ಅಷ್ಟು ಮೆಲ್ಲಗೆ ಕೇಳುತ್ತಾರೆ, ಇನ್ಯಾರಾದರೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕಲ್ಲ ಅಂದಳು.

ಶಿವರಾತ್ರಿ ಹೋಯಿತು. ಮಾವನ ಗಾಡಿಯನ್ನು ನಮ್ಮ ತಾಲ್ಲೂಕಿನ ವಿಜಯಪುರದ ಯಾರೋ ಕೊಂಡರು. ಯುಗಾದಿಯೂ ಕಳೆಯಿತು. ಆ ದಿನಗಳಲ್ಲಿ ಭಾವ ಬೈಕನ್ನು ಎಂದಿಗಿಂತ ಹೆಚ್ಚು ಉಜ್ಜಿ ತೊಳೆಯುತ್ತಿದ್ದರು. ಬಿಸಿಲು ಏರುತ್ತಿದ್ದ ಒಂದು ಶನಿವಾರ ಉಮಾಶಂಕರ್ ತಾವೇ ಕಾರು ಓಡಿಸಿಕೊಂಡು ಆವತಿಗೆ ಬಂದರು. ಕಾಗದಗಳ ಮೇಲೆ ಎರಡು ಕೀ ಇಟ್ಟುಕೊಟ್ಟರು, ಒಂದು ಹಳೆಯದು, ಒಂದು ಹೊಚ್ಚ ಹೊಸದು. ಮೂರನೆಯದು ಗೂಡಿನಲ್ಲಿ ಕ್ಷೇಮವಾಗಿದೆ ಎಂದರು.

ಆ ಕಾರು ಎಲ್ಲದಕ್ಕೂ ಒಗ್ಗಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹೊಸಕೋಟೆಯ ಲಾರಿಗಳ ನಡುವೆ ಕ್ಲಚ್ ಒತ್ತಿ ಒತ್ತಿ ಭಾವನ ಎಡಗಾಲು ನೋಯುತ್ತದೆ. ಅಂಜಿನಮ್ಮ ಮೊದಲ ದಿನ ಇಳಿಯಲಾಗದೆ, ನೆಲದ ಮೇಲೆ ಕೂತಂಗಾಯ್ತದಲ್ಲೋ ಎಂದು ಬೈದರು. ಈಗ ಮೊದಲು ಪಕ್ಕಕ್ಕೆ ತಿರುಗಿ ಕೂತು, ಆಮೇಲೆ ಕಾಲು ಒಳಗೆಳೆದುಕೊಳ್ಳುವುದನ್ನು ಕಲಿತಿದ್ದಾರೆ. ಇಳಿಯುವಾಗ ಮಗ ಕೈ ಕೊಡಲೇಬೇಕು. ಮಗಳು ಮಾತ್ರ ಹಿಂದಿನ ಸೀಟು ಚಿಕ್ಕದೆಂದು ಒಂದು ದಿನವೂ ಹೇಳಿಲ್ಲ.

ಮಳೆಗಾಲ ಮುಗಿದ ಮೇಲೆ ಟ್ರ್ಯಾಕಿಗೆ ಹೋದರು. ಕೆಂಪರಾಜು ಬಂದು ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ವರದಿ ಒಪ್ಪಿಸಿದ. ಬೆಳಗ್ಗೆ ಪೂರ್ತಿ ನಿಮ್ಮ ಯಜಮಾನರು ಪ್ರತಿ ತಿರುವಿಗೂ ಹಾರ್ನ್ ಹೊಡೆದರು, ಎದುರಿಗೆ ಟ್ರ್ಯಾಕ್ಟರ್ ಬರುತ್ತೆ ಅನ್ನೋ ಹಾಗೆ, ಅಲ್ಲಿದ್ದವರೆಲ್ಲ ಯಾರಪ್ಪಾ ಇವರು ಅಂತ ನೋಡಿದರು ಎಂದ. ಮಧ್ಯಾಹ್ನದ ಮೇಲೆ ಹಾರ್ನ್ ನಿಂತಿತಂತೆ. ಆಮೇಲಿನ ಸುತ್ತುಗಳ ಬಗ್ಗೆ ತಮಾಷೆ ಮಾಡಲು ಅವನಿಗೂ ಏನೂ ಸಿಗಲಿಲ್ಲ.

ಮಾರನೆಯ ದಿನ ಸೋಮವಾರ, ಮೊದಲ ಶಿಫ್ಟು. ಟ್ರ್ಯಾಕಿನಲ್ಲಿ ಬಾಗಿಲಿಗೆ ಅಂಟಿಸಿದ್ದ ದೊಡ್ಡ ನಂಬರಿನ ಹಾಳೆ ಹಾಗೇ ಇತ್ತು. ಭಾವ ಅದನ್ನು ಉಗುರಿನಿಂದ ಎಬ್ಬಿಸಲು ನೋಡುತ್ತಿದ್ದರು. ಅಕ್ಕ ಊಟದ ಡಬ್ಬಿಗಳೊಂದಿಗೆ ಬಂದಳು.

"ಇರ್ಲಿ ಬಿಡಿ. ಹೊತ್ತಾಯ್ತು" ಎಂದಳು.

ದೇವನಹಳ್ಳಿಯ ಸಿಗ್ನಲ್ಲಿನಲ್ಲಿ, ಶಾಲೆಯ ವ್ಯಾನಿಗೂ ಹಾಲಿನ ಟ್ಯಾಂಕರಿಗೂ ನಡುವೆ, ಬಾಗಿಲ ಮೇಲೆ ನಂಬರ್ ಅಂಟಿಸಿಕೊಂಡ ಆ ಬೂದಿ ಬಣ್ಣದ ಕಾರು ನಿಂತಿದ್ದನ್ನು ನಾನು ಬಸ್ ಸ್ಟಾಪಿನಿಂದ ನೋಡಿದೆ. ವ್ಯಾನಿನ ಮಕ್ಕಳು ಕಿಟಕಿಗೆ ಮುಖವೊತ್ತಿ ಆ ನಂಬರನ್ನು ಜೋರಾಗಿ ಓದುತ್ತಿದ್ದರು. ಒಳಗೆ ಕೂತಿದ್ದ ಇಬ್ಬರೂ ಏನೂ ಆಗದವರಂತೆ ನೇರ ಮುಂದೆ ನೋಡುತ್ತಿದ್ದರು.