ನಾಲಿಗೆಯ ಎಡ ಅಂಚು

ಮೇಣದ ತುಂಡನ್ನು ಕತ್ತರಿಸುವಾಗ ಅಕ್ಕನ ನಾಲಿಗೆಯ ತುದಿ ಬಾಯಿಯ ಬಲ ಮೂಲೆಯಿಂದ ಒಂದಿಷ್ಟೇ ಹೊರಗೆ ಬರುತ್ತಿತ್ತು. ಸೂಜಿಗೆ ದಾರ ಪೋಣಿಸುವವರಿಗೆ ಆಗುತ್ತದಲ್ಲ, ಹಾಗೆ. ಮೇಣದೊಳಗೆ ಹುದುಗಿಸಿದ ಮಾಂಸದ ಚೂರನ್ನು ಯಂತ್ರದ ಬ್ಲೇಡು ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಸೀಳುತ್ತಿತ್ತು. ಆ ಪೊರೆ ಬೆಚ್ಚಗಿನ ನೀರಿನ ಮೇಲೆ ಸುಕ್ಕಿಲ್ಲದೆ ತೇಲಿ, ಗಾಜಿನ ಸ್ಲೈಡಿನ ಮೇಲೆ ಬಂದು ಕೂತ ಮೇಲೆಯೇ ನಾಲಿಗೆ ಒಳಗೆ ಹೋಗುತ್ತಿತ್ತು. "ಖಲಾಸ್. ಯಲ್ಲಾ, ಮುಂದಿನದ್ದು ಕೊಡು ಮಾರಾಯ್ತಿ" ಎಂದು ಅರಬ್ಬಿ ಬೆರೆಸಿ ಹೇಳುತ್ತಿದ್ದರು.

ದೋಹಾದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಾವಿಬ್ಬರೂ ಅಕ್ಕಪಕ್ಕದ ಕುರ್ಚಿಯವರು. ರೋಗಿಗಳ ದೇಹದಿಂದ ತೆಗೆದ ಚೂರುಗಳನ್ನು ಸ್ಲೈಡು ಮಾಡಿ, ಬಣ್ಣ ಕಟ್ಟಿ, ಡಾಕ್ಟರರ ಮೈಕ್ರೋಸ್ಕೋಪಿಗೆ ಒಪ್ಪಿಸುವುದು ನಮ್ಮ ಕೆಲಸ. ನಾನು ಮೈಸೂರಿನವಳು, ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ಉಡುಪಿ ಕಡೆಯವರು, ಮನೆಮಾತು ತುಳು. ಗಂಡನಿಗೆ ರಾಸ್ ಲಫ್ಫಾನಿನ ಗ್ಯಾಸ್ ಕಾರ್ಖಾನೆಯಲ್ಲಿ ಕೆಲಸವಿದ್ದುದರಿಂದ ಮನೆ ಅಲ್ ಖೋರಿನಲ್ಲಿ. ಅಷ್ಟು ದೂರದಿಂದ ಕಾರು ಓಡಿಸಿಕೊಂಡು ದಿನಾ ನನಗಿಂತ ಮೊದಲೇ ಬಂದಿರುತ್ತಿದ್ದರು. ಹತ್ತಿರದ ಅಲ್ ಗರಾಫಾದಲ್ಲೇ ಇರುವ ನಾನು ಏದುಸಿರು ಬಿಡುತ್ತಾ ಬಂದರೆ, "ಬಂದಳು ನೋಡಿ ಮೈಸೂರು ಮಹಾರಾಣಿ, ಇನ್ನು ದರಬಾರು ಸುರು ಮಾಡುವ" ಎಂದು ನಗುತ್ತಿದ್ದರು.

ಹೊಸದಾಗಿ ಸೇರಿದಾಗ ನನಗೆ ಸ್ಲೈಡು ಮಾಡಲು ಬರುತ್ತಿತ್ತು, ನೋಡಲು ಬರುತ್ತಿರಲಿಲ್ಲ. ನೋಡುವುದು ಡಾಕ್ಟರರ ಕೆಲಸ, ನಮಗ್ಯಾಕೆ ಎಂದುಕೊಂಡಿದ್ದೆ. ಅಕ್ಕ ಬಿಡಲಿಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ಹಳೆಯ ಸ್ಲೈಡೊಂದನ್ನು ಇಟ್ಟು ಕೂರಿಸುತ್ತಿದ್ದರು. ಅವರಿಗೆ ನಾಲಿಗೆಯೆಂದರೆ ಎಲ್ಲಿಲ್ಲದ ಪ್ರೀತಿ.

"ಎಲುಬಿಲ್ಲದ ನಾಲಿಗೆ ಅಂತ ಬೈಯ್ತಾರಲ್ಲ ಜನ, ಒಮ್ಮೆ ಇಲ್ಲಿ ಬಂದು ನೋಡ್ಬೇಕು. ಸ್ನಾಯು ಉದ್ದಕ್ಕೆ ಉಂಟು, ಅಡ್ಡಕ್ಕೆ ಉಂಟು, ಮೇಲಿಂದ ಕೆಳಗೂ ಉಂಟು. ಚಾಪೆ ಹೆಣೆದ ಹಾಗೆ. ಎಲುಬು ಎಂತಕ್ಕೆ ಅದಕ್ಕೆ?"

ನಾಲಿಗೆಯ ಮೇಲೆಲ್ಲ ಮುಳ್ಳುಮುಳ್ಳಾಗಿ ಎದ್ದು ನಿಂತವಕ್ಕೆ ರುಚಿಯೇ ತಿಳಿಯುವುದಿಲ್ಲವೆಂದೂ, ಅವು ಬರೀ ಒರಟು ಕೆಲಸದ ಆಳುಗಳೆಂದೂ ಅವರಿಂದ ಕಲಿತೆ. ಹಿಂಭಾಗದಲ್ಲಿ ದುಂಡಗಿನ ದಿಬ್ಬಗಳಿರುತ್ತವೆ, ಸುತ್ತ ಕಂದಕ. ರುಚಿಯ ಮೊಗ್ಗುಗಳು ಆ ಕಂದಕದ ಗೋಡೆಗೆ ಅಂಟಿಕೊಂಡು ಕೂತಿರುತ್ತವೆ. ಒಂದು ರುಚಿ ತೊಳೆದು ಇನ್ನೊಂದಕ್ಕೆ ಜಾಗ ಮಾಡಲು ತಳದ ಪುಟ್ಟ ಗ್ರಂಥಿಗಳು ಕಂದಕಕ್ಕೆ ನೀರು ಬಿಡುತ್ತಲೇ ಇರುತ್ತವೆ. "ನೋಡು, ಪಾತ್ರೆ ತೊಳೆಯುವವರು ಅಲ್ಲೇ ಕೂತಿದ್ದಾರೆ" ಎಂದು ತೋರಿಸಿದ್ದರು. ಜೊಲ್ಲಿನ ಗ್ರಂಥಿಗಳಲ್ಲಿ ನೀರು ಸುರಿಸುವ ಕೋಶಗಳು ಕಡು ನೇರಳೆ, ಲೋಳೆ ಕೊಡುವವು ಬಿಳಿಚು. ಅಷ್ಟು ಗುರುತಿಸಲು ನನಗೆ ಒಂದು ತಿಂಗಳು ಹಿಡಿಯಿತು. ಸರಿಯಾಗಿ ಹೇಳಿದ ದಿನ ಅವರು ತಮ್ಮ ಡಬ್ಬಿಯ ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನು ಪೂರ್ತಿ ನನಗೇ ಕೊಟ್ಟರು. ಅಬ್ಬಾ, ಏನು ಖಾರ! ಕಣ್ಣು ಮೂಗೆಲ್ಲ ಸುರಿಯಿತು. ಅವರಿಗೋ ಅದು ಮಕ್ಕಳ ಊಟ.

ನಾನೊಮ್ಮೆ ಒಬ್ಬ ಡ್ರೈವರನ ನಾಲಿಗೆಯ ಚೂರನ್ನು ಮೇಣದಲ್ಲಿ ಮಲಗಿಸಿ ಇಟ್ಟುಬಿಟ್ಟೆ. ನಿಲ್ಲಿಸಿ ಇಡಬೇಕು. ನಿಲ್ಲಿಸಿ ಕತ್ತರಿಸಿದರೆ ಮಾತ್ರ ಮೇಲಿನ ಪದರ, ಕೆಳಗಿನ ಸ್ನಾಯು, ನಡುವಿನ ಗೆರೆ ಎಲ್ಲ ಕಾಣುತ್ತದೆ. ಕೆಟ್ಟ ಹುಣ್ಣು, ಅಂದರೆ ಕ್ಯಾನ್ಸರ್, ಆ ಗೆರೆಯನ್ನು ದಾಟಿದೆಯೋ ಇಲ್ಲವೋ ಎಂಬುದೇ ಡಾಕ್ಟರಿಗೆ ಬೇಕಾದದ್ದು. ಅಕ್ಕ ಬೈಯಲಿಲ್ಲ. ಮೇಣ ಕರಗಿಸಿ, ಉಳಿದ ಚೂರನ್ನು ಇಕ್ಕಳದ ತುದಿಯಲ್ಲಿ ನಿಲ್ಲಿಸಿ, ಮತ್ತೆ ಕತ್ತರಿಸಿ ಕೊಟ್ಟರು. "ಇಷ್ಟು ಕೊಡ್ಲಿಕ್ಕೆ ಅವನು ಎಷ್ಟು ನೋವು ತಿಂದಿದ್ದಾನೋ. ಇನ್ನೊಮ್ಮೆ ಕೊಡು ಅಂತ ಕೇಳುವ ಹಾಗೆ ಆಗ್ಬಾರ್ದು" ಎಂದರು, ಅಷ್ಟೇ.

ಈಗ ನಾನು ಬರೆಯಲು ಹೆದರುವ ಭಾಗ.

ಗಲ್ಫಿನಲ್ಲಿರುವ ನಮ್ಮವರಿಗೆಲ್ಲ ಒಂದು ಅಭ್ಯಾಸವಿದೆ. ಹಲ್ಲಿನ ಕೆಲಸ ಏನೇ ಇದ್ದರೂ ಊರಲ್ಲೇ. ರಜೆಗೆ ಹೋದಾಗ ಮದುವೆ, ಮುಂಜಿ, ದೇವರ ಹರಕೆಗಳ ನಡುವೆ ಒಂದು ದಿನ ಹಲ್ಲಿನ ಡಾಕ್ಟರಿಗೆ. ಅಲ್ಲಿಯವರೆಗೆ ಲವಂಗದ ಎಣ್ಣೆ. ಅಕ್ಕನ ಎಡಗಡೆಯ ದವಡೆಹಲ್ಲೊಂದು ಮುರಿದು ಚೂಪಾಗಿತ್ತು, ನಾಲಿಗೆಗೆ ತಾಗಿ ಹುಣ್ಣಾಗಿತ್ತು. "ಊರಿಗೆ ಹೋದಾಗ ಕೀಳಿಸಿ ಬಿಡ್ತೇನೆ" ಎನ್ನುತ್ತಿದ್ದರು. ರಜೆಗೆ ಇನ್ನು ಎರಡೇ ವಾರವಿತ್ತು.

ಅದೇ ವಾರ ನನ್ನ ಮನೆಯಿಂದ ಫೋನು ಬಂತು. ಗಂಡಿನ ಕಡೆಯವರು ಅವಸರ ಮಾಡಿ ತಂಗಿಯ ಮದುವೆಯನ್ನು ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟುಬಿಟ್ಟಿದ್ದರು, ಅದೂ ಅಕ್ಕನ ರಜೆಯ ದಿನಗಳಿಗೆ ಸರಿಯಾಗಿ. ನಮ್ಮಿಬ್ಬರಲ್ಲಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ರಜೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ನೀನು ಹೋಗು ಮಾರಾಯ್ತಿ. ನಾನು ಮೂರು ತಿಂಗಳು ಬಿಟ್ಟು ಹೋಗ್ತೇನೆ."

"ನಿಮ್ಮ ಹಲ್ಲು?"

"ಹಲ್ಲು ಎಲ್ಲಿಗೆ ಓಡಿ ಹೋಗ್ತದೆ?"

ಹಾಗೆಂದವರು ಮೇಜಿನ ದೀಪವನ್ನು ತಮ್ಮ ಕಡೆ ತಿರುಗಿಸಿಕೊಂಡು, "ಒಮ್ಮೆ ನೋಡು ಇದನ್ನು" ಎಂದು ಬಾಯಿ ತೆರೆದರು. ನಾಲಿಗೆಯ ಎಡ ಅಂಚಿನಲ್ಲಿ ಹುಣ್ಣು. ಸುತ್ತ ಬಿಳಿಯ ಏರಿ, ನಡುವೆ ಕೆಂಪು ಕುಳಿ. ಪ್ರತಿ ವಾರ ನಮಗೆ ಬರುವ ಚೀಟಿಗಳಲ್ಲಿ ಅದೇ ಸಾಲು ಬರೆದಿರುತ್ತದೆ: ನಾಲಿಗೆಯ ಅಂಚು, ಮಾಯದ ಹುಣ್ಣು. ಎಷ್ಟು ದಿನದಿಂದ ಎಂದು ಕೇಳಿದೆ. "ಎರಡು ತಿಂಗಳು ಆಗಿರ್ಬಹುದು" ಎಂದರು.

ಸುಳ್ಳೇಕೆ ಹೇಳಲಿ, ಆ ಕ್ಷಣಕ್ಕೇ ನನಗೆ ಗೊತ್ತಾಗಿತ್ತು. ಆದರೆ ಗೊತ್ತು ಎಂದರೆ ಅವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ತಂಗಿಯ ಮದುವೆ ಕಣ್ಣ ಮುಂದೆ ಬಂತು.

"ಹಲ್ಲೇ ಕಣಕ್ಕ. ಹಲ್ಲು ತಾಗಿ ಆಗಿರೋದು" ಎಂದೆ.

"ಹೌದಲ್ಲ? ನಾನೂ ಹಾಗೇ ಅಂತ ಗ್ರಹಿಸಿದ್ದು" ಎಂದು ದೀಪವನ್ನು ಮತ್ತೆ ಮೊದಲಿದ್ದ ಕಡೆಗೆ ತಿರುಗಿಸಿದರು.

ಮದುವೆ ಮುಗಿಸಿ ನಾನು ಬರುವ ಹೊತ್ತಿಗೆ ಅವರ ಡಬ್ಬಿಯಲ್ಲಿ ಬರೀ ಮೊಸರನ್ನವಿತ್ತು, ಅದೂ ಕಿವುಚಿದ್ದು. ನಾನು ತಂದ ಕೋಡುಬಳೆಯನ್ನು ಮೂಸಿ ನೋಡಿ ಚೀಲಕ್ಕೆ ಹಾಕಿಕೊಂಡರು. ಇನ್ನೂ ಸ್ವಲ್ಪ ದಿನಕ್ಕೆ ದವಡೆಯ ಕೆಳಗೆ ಗಂಟು ಕಾಣಿಸಿತು. ಆಗ ನಮ್ಮ ಆಸ್ಪತ್ರೆಯಲ್ಲೇ ತೋರಿಸಿದರು. ಚೂರು ತೆಗೆದರು. ಅದು ನಮ್ಮ ಮೇಜಿಗೇ ಬಂತು.

ಸಿಬ್ಬಂದಿಯ ಚೂರು ಬಂದರೆ ಹೆಸರು ಮುಚ್ಚಿ, ಬರೀ ನಂಬರಿನಲ್ಲಿ ಮಾಡುವುದು ನಮ್ಮಲ್ಲಿಯ ಪದ್ಧತಿ. ಬೇರೆ ಯಾರಾದರೂ ಮಾಡಲಿ ಎಂದು ನಾನು ಹಿಂಜರಿದೆ. ಅಕ್ಕನೇ ಚೂರಿನ ಡಬ್ಬಿಯನ್ನು ನನ್ನ ಮುಂದೆ ಸರಿಸಿ, "ನೀನೇ ಮಾಡು" ಎಂದರು. ನಿಲ್ಲಿಸಿಯೇ ಇಟ್ಟೆ. ಉಸಿರು ಬಿಗಿಹಿಡಿದು ಕತ್ತರಿಸಿದೆ. ಬಣ್ಣ ಕಟ್ಟಿ ಮೈಕ್ರೋಸ್ಕೋಪಿಗಿಟ್ಟು ನೋಡಿದರೆ, ಮೇಲಿನ ಪದರ ಗೆರೆ ದಾಟಿ, ಸ್ನಾಯುವಿನ ಹೆಣಿಗೆಯೊಳಗೆ ಬೇರು ಬಿಟ್ಟಿತ್ತು. ಡಾಕ್ಟರರು ಹೇಳುವುದು ಏನೂ ಉಳಿದಿರಲಿಲ್ಲ.

ವರದಿ ಬಂದ ಮೇಲೆ ಅಕ್ಕ ಆ ಸ್ಲೈಡನ್ನು ಕೇಳಿದರು. ತುಂಬಾ ಹೊತ್ತು ಕಣ್ಣಿಟ್ಟು ನೋಡಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

"ಚಂದ ಕಟ್ ಮಾಡಿದ್ದಿ" ಎಂದರು. "ಒಂದೇ ಒಂದು ಸುಕ್ಕಿಲ್ಲ."

ನಾಲಿಗೆಯ ಅರ್ಧ ಭಾಗ ಹೋಯಿತು. ನಂತರ ವಿಕಿರಣ. ವಿಕಿರಣಕ್ಕೆ ಜೊಲ್ಲಿನ ಗ್ರಂಥಿಗಳಲ್ಲಿ ನೀರು ಸುರಿಸುವ ಆ ನೇರಳೆ ಕೋಶಗಳೇ ಮೊದಲು ಸಾಯುತ್ತವೆ. ಅಕ್ಕನ ಬಾಯಿ ಒಣಗಿ ಹೋಯಿತು. ನೀರಿನ ಬಾಟಲಿಯಿಲ್ಲದೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತಿರಲಿಲ್ಲ. ಉಪ್ಪು, ಹುಳಿ, ಖಾರ ಒಂದರ ರುಚಿಯೂ ತಿಳಿಯುತ್ತಿರಲಿಲ್ಲ. ಮಾತಾಡಿದರೆ ಬಿಡಿಸಿ ತಿಳಿಯುವುದು ಕಷ್ಟವಾಗಿ, ಕೊನೆಗೆ ಮಾತನ್ನೇ ಬಿಟ್ಟು, ನೋಟ್‌ಪುಸ್ತಕವೊಂದರಲ್ಲಿ ಬರೆದು ತೋರಿಸುತ್ತಿದ್ದರು. ಅಷ್ಟು ಮಾತಾಡುತ್ತಿದ್ದ ಜೀವ!

ಅವರು ಖತಾರ್ ಬಿಟ್ಟು ಊರಿಗೆ ಹೊರಡುವ ಮುಂಚಿನ ಶುಕ್ರವಾರ ಅಲ್ ಖೋರಿಗೆ ಹೋದೆ. ಅವರ ಗಂಡ ಸೂಟ್‌ಕೇಸು ತೂಗುತ್ತಿದ್ದರು. ಅವರು ಒಳಗೆ ಹೋದ ಮೇಲೆ ನಾನು ಅಕ್ಕನ ಕಾಲ ಬಳಿ ಕೂತು ಅತ್ತುಬಿಟ್ಟೆ.

"ಅಕ್ಕ, ನೀವು ತೋರಿಸಿದ ದಿನವೇ ನಂಗೆ ಗೊತ್ತಾಗಿತ್ತು. ಮದುವೆಗೆ ಹೋಗ್ಬೇಕಿತ್ತು, ಅದಕ್ಕೇ ಹಲ್ಲು ಅಂದ್ಬಿಟ್ಟೆ."

ಅವರು ಬಾಟಲಿಯಿಂದ ಒಂದು ಗುಟುಕು ಕುಡಿದರು. ಪುಸ್ತಕ ತೆಗೆದು ಬರೆದರು: "ನನಗೂ ಗೊತ್ತಿತ್ತು." ಸ್ವಲ್ಪ ಯೋಚಿಸಿ ಅದರ ಕೆಳಗೆ, "ಮದುವೆ ಚಂದ ಆಯ್ತಲ್ಲ?" ಎಂದು ಬರೆದು ನನ್ನ ತಲೆಯ ಮೇಲೆ ಕೈಯಿಟ್ಟರು.

ಆರು ತಿಂಗಳಿಗೆ ಅವರ ಗಂಡ ಊರಿನಿಂದ ಫೋನು ಮಾಡಿದರು. "ಹೋದಳಮ್ಮ" ಎಂದರು. ಕೆಲಸದ ಮೇಜಿನಲ್ಲಿದ್ದೆ. ಕೈಯಲ್ಲಿದ್ದ ಟ್ರೇ ಮುಗಿಸಿದೆ, ಹೊರಗೆ ಬಿಸಿಲಿನಲ್ಲಿ ಕಾರಿನೊಳಗೆ ಕೂತು ಅತ್ತೆ. ಈಗ ಯಾರಾದರೂ "ಊರಿಗೆ ಹೋದಾಗ ತೋರಿಸ್ತೀನಿ" ಎಂದರೆ ಸಾಕು, ಅವರಿಗೆ ಬಾಯಿ ತೆರೆಸಿ ನೋಡುತ್ತೇನೆ, ಇಲ್ಲೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತೇನೆ. ಇವಳಿಗೆ ತಲೆ ಕೆಟ್ಟಿದೆ ಎಂದು ನಗುತ್ತಾರೆ. ನಗಲಿ.

ಅಕ್ಕ ಪುಸ್ತಕದಲ್ಲಿ ಬರೆದ ಆ ಎರಡು ಸಾಲನ್ನು ನನ್ನಿಂದ ಕೇಳಿದವರೆಲ್ಲ, ನೋಡು, ಎಷ್ಟು ದೊಡ್ಡ ಮನಸ್ಸು, ನಿನ್ನನ್ನು ಕ್ಷಮಿಸಿಬಿಟ್ಟರು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗೊತ್ತಿದ್ದವರು ನನಗೆ ಯಾಕೆ ತೋರಿಸಬೇಕಿತ್ತು? ಅವರಿಗೆ ಹೆದರಿಕೆಯಾಗಿತ್ತು. ಒಬ್ಬರೇ ಹೋಗಲು ಆಗದೆ, ಪಕ್ಕದಲ್ಲಿದ್ದವಳು "ಏಳಿ ಅಕ್ಕ, ಹೋಗೋಣ" ಎನ್ನಲಿ ಎಂದು ಬಾಯಿ ತೆರೆದು ಕೂತಿದ್ದರು. ಡಾಕ್ಟರರ ಕೋಣೆ ನಮ್ಮ ಕೋಣೆಯಿಂದ ಮೂರನೆಯ ಬಾಗಿಲು. ಅಷ್ಟು ದೂರ ನಾನು ಅವರನ್ನು ಕರೆದುಕೊಂಡು ಹೋಗಲಿಲ್ಲ.