ಜೀಪಿನ ಹೊಟ್ಟೆಯ ಗಾಳಿ

ನಮ್ಮ ಕಡೆ ಗಾಡಿಯನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸುವುದು ವಾಡಿಕೆ. ಕೊಪ್ಪ, ಶೃಂಗೇರಿ ಸುತ್ತ ಸಮತಟ್ಟು ಜಾಗ ಯಾರ ಮನೆ ಮುಂದಿದೆ ಹೇಳಿ? ಬೆಳಿಗ್ಗೆ ಬ್ಯಾಟರಿ ಕೈಕೊಟ್ಟರೆ ಬ್ರೇಕ್ ಬಿಟ್ಟರಾಯಿತು, ಗಾಡಿ ಇಳಿಜಾರಿನಲ್ಲಿ ತಾನೇ ಉರುಳಿ ಸ್ಟಾರ್ಟ್ ಆಗುತ್ತದೆ. ಇದರಲ್ಲೂ ಒಂದು ತಪ್ಪಿರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುವ ಪೈಕಿಯಲ್ಲ.

ಜಯಪುರದ ಹತ್ತಿರದ ನಮ್ಮ ಮನೆಯಿಂದ ಅಕ್ಕನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕೊಪ್ಪಕ್ಕೆ ಕರೆದೊಯ್ಯುತ್ತಿದ್ದೆ. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗೇ ಇದ್ದಳು. ನನ್ನದು ಹಳೇ ಡೀಸೆಲ್ ಜೀಪು. ಕೊಪ್ಪದ ದಾರಿಯ ಏರು ಬಂದರೆ ಸಾಕು, ಬಿಸಿ ತೋರಿಸುವ ಸೂಜಿ ಕೆಂಪಿಗೆ ಹೋಗಿ ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಅದು ತಣಿದು, ನೀರು ಹೊಯ್ದು, ಮತ್ತೆ ಹೊರಡುವಷ್ಟರಲ್ಲಿ ಆಸ್ಪತ್ರೆಯಲ್ಲಿ ಅಕ್ಕನ ಸರದಿ ತಪ್ಪಿ, ಮತ್ತೆ ಕಾಯಬೇಕಾಗುತ್ತಿತ್ತು. ಒಂದೆರಡು ಸಲ ಡಯಾಲಿಸಿಸ್ ಆಗದೆಯೇ ವಾಪಸು ಬಂದೆವು. ಆಗೆಲ್ಲ ಅವಳ ಕಾಲು, ಮುಖ ಊದಿಕೊಂಡವು.

ಬಸ್ಸಿನಲ್ಲಿ ಹೋಗುವ ತ್ರಾಣ ಅವಳಿಗಿರಲಿಲ್ಲ. ಬಾಡಿಗೆ ಕಾರು ಹೇಳುತ್ತೇನೆಂದರೆ ಒಪ್ಪುತ್ತಿರಲಿಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ನಾನು ಕೊಡಪಾನ ಹೊರುವುದನ್ನು ನೋಡಿ ನಗುತ್ತಿದ್ದಳು.

"ಅದಕ್ಕೆ ಕೊಡಗಟ್ಟಲೆ ಕುಡಿಸ್ತಿ, ನಂಗೆ ಮಾತ್ರ ಡಾಕ್ಟ್ರು ಹೇಳಿದ ಲೋಟದ ಲೆಕ್ಕ. ಎಂತ ನ್ಯಾಯ ಮಾರಾಯ ಇದು?"

ಕೊಪ್ಪದ ಮೆಕ್ಯಾನಿಕ್ ಹೇಳಿದ್ದು ಇಷ್ಟೆ: "ಒಳಗೆ ಗಾಳಿ ಸಿಕ್ಕಾಕ್ಕೊಂಡಿದೆ ಸಾರ್, ನೀರು ತಿರುಗ್ತಾ ಇಲ್ಲ." ಗಾಳಿ ತೆಗೆದು ಕೊಟ್ಟ. ಎಲ್ಲೋ ಸಣ್ಣಗೆ ಸೋರುತ್ತದೆ, ದಿನಾ ಬೆಳಿಗ್ಗೆ ನೀರು ನೋಡಿಕೊಳ್ಳಿ ಎಂದ. ನೋಡದೆ ಏನು? ದಿನಾ ರೇಡಿಯೇಟರಿನ ಮುಚ್ಚಳ ತೆಗೆದು ಕಂಠಪೂರ್ತಿ ತುಂಬುತ್ತಿದ್ದೆ. ನಾಲ್ಕು ದಿನ ನೆಟ್ಟಗೆ ಓಡಿ, ಅದೇ ಏರಿನಲ್ಲಿ ಮತ್ತೆ ಅದೇ ಹಬೆ. ಆ ಜೀಪಿಗೆ ನಾನು ಬೈದ ಬೈಗುಳವನ್ನು ಬರೆದರೆ ಮರ್ಯಾದೆ ಉಳಿಯುವುದಿಲ್ಲ.

ಕೊನೆಗೆ ಒಂದು ಸಂಜೆ ಅಕ್ಕ ಹೇಳಿದಳು. "ಸಾಕು ಮಾರಾಯ. ನಂಗೂ ಸಾಕಾಯ್ತು, ನಿಂಗೂ ತಾಪತ್ರಯ. ಇನ್ನು ಹೋಗದು ಬೇಡ."

"ತಲೆ ಸರಿ ಇದ್ಯನೇ ನಿಂಗೆ? ಹೋಗದೆ ಇದ್ರೆ ಎಂತ ಆಗುತ್ತೆ ಅಂತ ಡಾಕ್ಟ್ರು ಹೇಳಿಲ್ವಾ?"

"ಹೇಳಿದಾರೆ. ಗೊತ್ತಿದ್ದೇ ಹೇಳ್ತಿದೀನಿ."

ನಾನು ಕೂಗಾಡಿದೆ, ಗೋಗರೆದೆ. ಅವಳು ಹಠ ಬಿಡಲಿಲ್ಲ. ಕಡೆಗೆ ಒಂದೇ ಒಂದು ಸಲಕ್ಕೆ ಒಪ್ಪಿದಳು. "ನಾಳೆ ಬರ್ತಿನಿ. ಏರಲ್ಲಿ ಜೀಪು ನಿಂತ್ರೆ ಮತ್ತೆ ನನ್ನ ಕರೀಬಾರದು. ಆತಾ?"

ಆ ದಿನ ಮಧ್ಯಾಹ್ನವಷ್ಟೇ ನನ್ನ ಹೆಂಡತಿ ಕಾಫಿ ಒಣಗಿಸಲೆಂದು ಅಂಗಳಕ್ಕೆ ಸಗಣಿ ಸಾರಿಸಿದ್ದಳು. ಜೀಪು ತಿರುಗಿಸಲು ಜಾಗವಿರಲಿಲ್ಲ. ಹಾಗಾಗಿ ರಸ್ತೆಯಿಂದ ಬಂದ ಹಾಗೆಯೇ, ಮೂತಿ ಮನೆಯ ಕಡೆಗೆ ಮೇಲಾಗಿ, ದಾರಿಯಲ್ಲೇ ನಿಲ್ಲಿಸಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದು ನೀರು ಹೊಯ್ದೆ, ತುಂಬಿತು. ಇನ್ನೇನು ಮುಚ್ಚಬೇಕು, ಗುಳುಗುಳು ಎಂದು ನೀರು ಕೆಳಗಿಳಿಯಿತು. ಮತ್ತೆ ಹೊಯ್ದೆ, ಮತ್ತೆ ಇಳಿಯಿತು. ಮುಚ್ಚಳ ತೆಗೆದೇ ಎಂಜಿನ್ ಚಾಲೂ ಮಾಡಿ ಬಿಟ್ಟರೆ ಗುಳ್ಳೆಗಳ ಮೇಲೆ ಗುಳ್ಳೆ. ಹತ್ತಿರ ಹತ್ತಿರ ಅರ್ಧ ಬಕೆಟ್ ನೀರು ಹಿಡಿಯಿತು!

ಆಗ ಹೊಳೆಯಿತು. ಮೂತಿ ತಗ್ಗಿಸಿ ನಿಲ್ಲಿಸಿದ ಗಾಡಿಯಲ್ಲಿ ರೇಡಿಯೇಟರಿನ ಬಾಯಿ ಕೆಳಗೆ, ಎಂಜಿನ್ ಮೇಲೆ. ನಾನು ಬಾಯಿಗೆ ನೀರು ಬಂದಿತೆಂದು ಮುಚ್ಚುತ್ತಿದ್ದೆ, ಸೋರಿದ ನೀರಿನ ಜಾಗಕ್ಕೆ ಸೇರಿದ ಗಾಳಿ ಹಿಂದೆ ಎಂಜಿನ್ನಿನ ಎತ್ತರದಲ್ಲಿ ಆರಾಮಾಗಿ ಕೂತಿರುತ್ತಿತ್ತು. ಮೆಕ್ಯಾನಿಕ್ ತೆಗೆದು ಕಳಿಸಿದ್ದನ್ನು ನಾನು ದಿನಾ ಬೆಳಿಗ್ಗೆ ಮತ್ತೆ ಒಳಗೆ ಸೇರಿಸುತ್ತಿದ್ದೆ. ಊರಿನ ಗಾಡಿಗಳೆಲ್ಲ ಹಾಗೇ ನಿಲ್ಲುತ್ತವಲ್ಲ, ಇನ್ನೆಷ್ಟು ಜನ ಹೀಗೆ ಮಾಡುತ್ತಿದ್ದಾರೋ ಎಂದುಕೊಂಡೆ. ಅಕ್ಕನಿಗೆ ಏನೂ ಹೇಳಲಿಲ್ಲ.

ಏರು ಬಂತು. ಅಕ್ಕ ಸೂಜಿಯನ್ನೇ ನೋಡುತ್ತಿದ್ದಳು. ಅದು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ನಾವು ಯಾವಾಗಲೂ ನಿಲ್ಲುತ್ತಿದ್ದ ತಿರುವು ದಾಟಿತು, ಏರೂ ಮುಗಿಯಿತು. ನನಗೆ ಹಿಡಿಸಲಾರದಷ್ಟು ಖುಷಿ.

"ನೋಡಿದ್ಯಾ ಅಕ್ಕಾ!"

ತಿರುಗಿ ನೋಡಿದರೆ ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಜೀಪು ನಿಲ್ಲಲಿ ಅಂತ ದೇವ್ರಿಗೆ ಹೇಳ್ಕೊಂಡಿದ್ದೆ ಮಾರಾಯ," ಎಂದಳು. "ಇವತ್ತು ಮಾತ್ರ ಅಲ್ಲ, ದಿನಾನೂ. ಆಸ್ಪತ್ರೇಲಿ ಆ ಸೂಜಿ ಚುಚ್ಚೋದು ನಂಗೆ ತಡೆಯಕ್ಕಾಗಲ್ಲ."

ನಾನು ಆಸ್ಪತ್ರೆ ಮುಂದೆ ಜೀಪು ನಿಲ್ಲಿಸಿ, ಆ ಕಡೆ ಹೋಗಿ ಬಾಗಿಲು ತೆಗೆದು ಕೈ ಚಾಚಿದೆ. ಅವಳು ಬಹಳ ಹೊತ್ತು ಕೂತೇ ಇದ್ದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಒಳಗೆ ಬಂದು ಪಕ್ಕದಲ್ಲಿ ಕೂತ್ಕೊಳ್ತಿಯಾ?" ಎಂದು ಕೇಳಿದಳು. ಅಷ್ಟು ದಿನವೂ ನಾನು ಅವಳನ್ನು ಬಾಗಿಲಲ್ಲಿ ಇಳಿಸಿ, ಜೀಪಿನ ಹತ್ತಿರವೇ ಇರುತ್ತಿದ್ದೆ.