ಆರುನೂರ ಹದಿನಾರು ವರ್ಷದ ಮಾಮ

ಮೊನ್ನೆ ಈ ಫೋನು ನನ್ನ ಹುಟ್ಟಿದ ವರ್ಷ ಕೇಳಿತು. ಮೊಮ್ಮಗಳು ಟೈಪು ಮಾಡುವುದು ಕಲಿಸಿ ಇನ್ನೂ ಇಪ್ಪತ್ತು ದಿನ ಆಗಿಲ್ಲ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಚಹಾ ಆರಿರುತ್ತದೆ. ಅಂಥವಳಿಗೆ ಇದರ ವಿಚಾರಣೆ ಬೇರೆ! ವರ್ಷಗಳ ಪಟ್ಟಿ ಬಂತು. ಬೆರಳಿಂದ ತಳ್ಳಿದರೆ ಗಿರಗಿರ ತಿರುಗುತ್ತದೆ. ಯಾರೂ ನೋಡುತ್ತಿಲ್ಲವಲ್ಲ ಎಂದು, ನನಗೆ ಬರೀ ಅರವತ್ತಾಗುವ ಜಾಗಕ್ಕೆ ತಂದು ನಿಲ್ಲಿಸಿದೆ. ಇನ್ನೇನು ಒತ್ತಬೇಕು, ಮಾಮ ನೆನಪಾದ. ಬೆರಳು ಹಿಂದಕ್ಕೆ ತೆಗೆದೆ.

ಮಾಮ ಎಂದರೆ ನಮ್ಮ ಅವ್ವನ ತಮ್ಮ. ಆಗ ನಿಜಾಮ ಸರ್ಕಾರ. ನಾವು ಮಸ್ಕಿಯಲ್ಲಿದ್ದೆವು, ಅವನು ಲಿಂಗಸುಗೂರಿನ ದವಾಖಾನೆಯಲ್ಲಿ ಕಂಪೌಂಡರ್. ಶುಕ್ರವಾರ ರಜೆ, ಆವತ್ತು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಬರುವಾಗ ಜೇಬಿನಲ್ಲಿ ಕೆಮ್ಮಿನ ಸಿಹಿ ಔಷಧಿಯ ಸಣ್ಣ ಶೀಶೆ ಇರುತ್ತಿತ್ತು. ನಾನು ಹತ್ತು ವರ್ಷದವಳು. ಗಟ್ಟಿಮುಟ್ಟಾಗಿದ್ದೆ, ಆದರೆ ಪ್ರತಿ ಶುಕ್ರವಾರ ತಪ್ಪದೆ ಕೆಮ್ಮುತ್ತಿದ್ದೆ.

ಈ ಮಾಮನಿಗೆ ಬಸ್ರಾಕ್ಕೆ ಹೋಗುವ ಹುಚ್ಚು ಹಿಡಿಯಿತು. ಅಲ್ಲಿ ಎಣ್ಣೆ ತೆಗೆಯುವ ಕಂಪನಿಯೊಂದರ ಆಸ್ಪತ್ರೆಗೆ ಕಂಪೌಂಡರುಗಳು ಬೇಕಾಗಿದ್ದರು. ಆದರೆ ಹಡಗು ಹತ್ತುವುದೆಂದರೆ ಸಿಂಧನೂರಿನ ಬಸ್ಸು ಹತ್ತಿದಂತೆಯೇ? 'ಇವನು ನಮ್ಮ ನೌಕರ, ಇವನ ಜವಾಬ್ದಾರಿ ನಮ್ಮದು' ಎಂದು ಕಂಪನಿ ಕಾಗದ ಕೊಡಬೇಕು. ಆ ಕಾಗದ ಇದ್ದರೇ ಪಾಸ್‌ಪೋರ್ಟು, ಪಾಸ್‌ಪೋರ್ಟು ಇದ್ದರೇ ಆ ದೇಶದಲ್ಲಿ ಇಳಿಯಲು ಪರವಾನಗಿ.

ಮಸ್ಕಿಯಲ್ಲಿ ಅರ್ಜಿ ಬರೆಯುವುದಕ್ಕೆ ಮುನ್ಷಿ ಸಾಹೇಬರಿದ್ದರು. ಅವರ ಉರ್ದು ಮುತ್ತು ಪೋಣಿಸಿದ ಹಾಗೆ. ಇಂಗ್ಲಿಷೂ ಕೆಲಸಕ್ಕೆ ಸಾಲುವಷ್ಟು. ಮಾಮನ ಶಾಲೆಯ ಸರ್ಟಿಫಿಕೇಟು ಮುಂದಿಟ್ಟುಕೊಂಡು ಕಂಪನಿಯ ಫಾರಂ ತುಂಬಿ ಮುಂಬೈ ಕಚೇರಿಗೆ ಕಳಿಸಿದರು. ನಮ್ಮ ಮಾಮನೋ ಆತುರಗೇಡಿ. ಕಾಗದ ಕೈಗೆ ಬಂದೇಬಿಟ್ಟಿತು ಎನ್ನುವಂತೆ ದವಾಖಾನೆಗೆ ರಾಜೀನಾಮೆ ಕೊಟ್ಟ. ಮುಂದಿನ ತಿಂಗಳ ಕೊನೆಗೆ ಅವನ ಜಾಗಕ್ಕೆ ಬೇರೆಯವನು ಬರುವುದೂ ಗೊತ್ತಾಯಿತು.

ಮುಂಬೈಯಿಂದ ಉತ್ತರ ಬಂತು: ಮೂವತ್ತು ದಾಟಿದವರಿಗೆ ಕಾಗದ ಕೊಡುವುದಿಲ್ಲ. ಮಾಮನಿಗೆ ಇಪ್ಪತ್ತಾರು! ಆ ಶುಕ್ರವಾರ ಅವನು ಮುನ್ಷಿ ಸಾಹೇಬರನ್ನು ಕರೆದುಕೊಂಡೇ ಮನೆಗೆ ಬಂದ.

"ಸಾಹೇಬ್ರ, ನಾ ಹುಟ್ಟಿದ್ದು ಯಾವ ವರ್ಷ ಅಂತ ಬರದೀರಿ?"

"ಸರ್ಟಿಫಿಕೇಟಿನ್ಯಾಗ ಇದ್ದದ್ದ ಬರದೀನಿ. ಸಾವಿರದ ಮುನ್ನೂರ ಮೂವತ್ತು."

"ಅದು ಫಸ್ಲಿ ಅಂತ ಬರದೀರೇನ್ರಿ?"

"ಫಸ್ಲಿ ಬಿಟ್ಟು ಮತ್ಯಾವ ವರ್ಷ ಇರ್ತೈತಪಾ?" ಎಂದರು ಸಾಹೇಬರು. ಎಂದವರೇ ಬಾಯಿ ಮೇಲೆ ಕೈ ಇಟ್ಟುಕೊಂಡರು.

ನೋಡಿ, ನಮಗೆಲ್ಲ ಸರ್ಕಾರದ ಫಸ್ಲಿ ವರ್ಷವೇ ವರ್ಷ. ಇಂಗ್ಲಿಷ್ ವರ್ಷ ಬೇಕಾದರೆ ಅದಕ್ಕೆ ಐನೂರ ತೊಂಬತ್ತು ಕೂಡಿಸಬೇಕು. ಮುಂಬೈಯವರಿಗೆ ಇದೆಲ್ಲ ಏನು ಗೊತ್ತು? ಬರೆದದ್ದನ್ನು ಇಂಗ್ಲಿಷ್ ವರ್ಷವೆಂದೇ ಹಿಡಿದರು. ಆರುನೂರ ಹದಿನಾರು ವರ್ಷದ ಕಂಪೌಂಡರನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ, ನೀವೇ ಹೇಳಿ.

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ತಮ್ಮಾ, ನಮ್ಮ ಗುಡ್ಡದಾಗ ಕಲ್ಲಿನ ಮ್ಯಾಲೆ ಹಳೇ ಬರಹ ಐತಲ್ಲ, ನೀನ ಬರದಿದ್ದೇನಲೇ?"

ನಾನು ಬಿಡುತ್ತೇನೆಯೇ? ಅಜ್ಜನನ್ನು ಕರೆದಂತೆ ಕರೆದು, "ಮುತ್ಯಾ, ಕೆಮ್ಮು ಬಂದೈತ್ರೀ, ಔಷಧಿ ಕೊಡ್ರಿ," ಎಂದೆ.

ಮಾಮ ನಗಲಿಲ್ಲ. "ನಗ್ರಿ, ನಗ್ರಿ. ಈ ತಿಂಗಳು ಮುಗದ್ರ ನನಗ ಅಲ್ಲೂ ನೌಕರಿ ಇಲ್ಲ, ಇಲ್ಲೂ ಇಲ್ಲ," ಎಂದ. ತಾಟು ಹಾಗೇ ಬಿಟ್ಟು ಎದ್ದ.

ಮುನ್ಷಿ ಸಾಹೇಬರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ತಪ್ಪು ನಂದೈತಿ ಬೇಟಾ. ನಡಿ, ನಿಮ್ಮ ಡಾಕ್ಟರ್ ಸಾಹೇಬ್ರ ಕಾಲು ಹಿಡಿಯೂಣು," ಎಂದು ಅವನ ಜೊತೆಗೇ ಲಿಂಗಸುಗೂರಿಗೆ ಹೊರಟರು.

ಡಾಕ್ಟರು ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಮಾಮನ ಬಾಯಿ ತೆಗೆಸಿ ಒಂದೊಂದೇ ಹಲ್ಲು ನೋಡಿ, ಈತನ ವಯಸ್ಸು ಇಪ್ಪತ್ತಾರರ ಆಸುಪಾಸು, ಬರೆದದ್ದು ಫಸ್ಲಿ ವರ್ಷ ಎಂದು ಇಂಗ್ಲಿಷಿನಲ್ಲಿ ಬರೆದು ಠಸ್ಸೆ ಒತ್ತಿದರಂತೆ. "ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ ನೋಡಿದ್ರವಾ," ಎಂದು ವಾಪಸು ಬಂದ ಸಾಹೇಬರು ಅವ್ವನಿಗೆ ಹೇಳಿದರು.

ಕಾಗದ ಮುಂಬೈಗೆ ಹೋಯಿತು. ಮುಂದಿನ ಮೂರು ಶುಕ್ರವಾರ ಮಾಮ ಬಂದ, ಎರಡು ತುತ್ತು ತಿಂದ, ಹೋದ. ಆ ಮೂರೂ ಶುಕ್ರವಾರ ನಾನು ಕೆಮ್ಮಲಿಲ್ಲ.

ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ. ಒಂದು ಮಂಗಳವಾರ ಮಟಮಟ ಮಧ್ಯಾಹ್ನ ಮಾಮ ಬಾಗಿಲಲ್ಲಿ ನಿಂತಿದ್ದ. ಅವ್ವನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

"ಯಾಕೋ ತಮ್ಮಾ, ಇವತ್ಯಾಕ ಬಂದಿ?"

ಅವನು ಒಂದು ಲಕೋಟೆ ಅವಳ ಕೈಗೆ ಕೊಟ್ಟ. ಒಂದು ಚೆಂಬು ನೀರು ಕುಡಿದ. ಪಡಸಾಲೆಯ ಬರಿನೆಲದ ಮೇಲೆ ಚಪ್ಪಲಿ ಸಮೇತ ಮಲಗಿದವನು ಗೊರಕೆ ಹೊಡೆಯತೊಡಗಿದ. ಅವ್ವನಿಗೆ ಓದು ಬರುತ್ತಿರಲಿಲ್ಲ. ಲಕೋಟೆ ಹಿಡಿದು ಮುನ್ಷಿ ಸಾಹೇಬರ ಮನೆಗೆ ಓಡಿದಳು, ಹಿಂದೆ ನಾನು. ಸಾಹೇಬರು ಕನ್ನಡಕ ಏರಿಸಿ, ಎಲ್ಲಕ್ಕಿಂತ ಮೊದಲು ಅದರಲ್ಲಿದ್ದ ಹುಟ್ಟಿದ ವರ್ಷ ಎರಡು ಸಲ ನೋಡಿದರು. ಆಮೇಲೆ, "ಕಂಪನಿ ಜವಾಬ್ದಾರಿ ತಗೊಂಡೈತಿ. ನಿನ್ನ ತಮ್ಮ ಹೊಂಟಾನವಾ," ಎಂದರು. ಅವ್ವ ಅವರ ಕಟ್ಟೆಯ ಮೇಲೇ ಕೂತುಬಿಟ್ಟಳು. ಮಾಮ ಎದ್ದದ್ದು ಮರುದಿನ ಎಮ್ಮೆ ಹಿಂಡುವ ಹೊತ್ತಿಗೆ. ಎದ್ದವನೇ ನನ್ನ ಕಡೆ ನೋಡಿ, "ಯಾಕ ಬೇ, ಕೆಮ್ಮು ನಿಂತಿತೇನು?" ಎಂದು ಶೀಶೆ ತೆಗೆದ. ಕೆಮ್ಮಿದೆ ನೋಡಿ, ಓಣಿಗೆಲ್ಲ ಕೇಳುವಂತೆ.

ಇಷ್ಟೆಲ್ಲ ನೆನಪಾದ ಮೇಲೆ ಹುಟ್ಟಿದ ವರ್ಷದ ಜೊತೆ ಹುಡುಗಾಟ ಬೇಡ ಅನ್ನಿಸಿತು. ನನ್ನದು ಸಾವಿರದ ಮುನ್ನೂರ ನಲವತ್ತಾರು ಫಸ್ಲಿ ಎಂದು ಅವ್ವ ಹೇಳುತ್ತಿದ್ದಳು. ಬೆರಳು ಮಡಚಿ ಐನೂರ ತೊಂಬತ್ತು ಕೂಡಿಸಿದೆ. ಪಟ್ಟಿಯನ್ನು ತಳ್ಳಿದೆ, ತಳ್ಳಿದೆ, ಬೆರಳು ನೋಯುವವರೆಗೂ ತಳ್ಳಿ ಸರಿಯಾದ ವರ್ಷಕ್ಕೆ ಒತ್ತಿದೆ. ಫೋನು ಮರುಮಾತಿಲ್ಲದೆ ಒಪ್ಪಿಕೊಂಡಿತು. ಸದ್ಯ, ಬಾಯಿ ತೆಗೆ ಎನ್ನಲಿಲ್ಲ. ತೋರಿಸೋಣವೆಂದರೆ ಹಲ್ಲು ಒಂದೂ ಉಳಿದಿಲ್ಲ.